ಗೊರಕೆಗೆ ಹಲ್ಲಿನ ಡಾಕ್ಟ್ರ ಹತ್ರಾನೂ ದಾರಿ ಇದೆ, ಅದು ಕೊಡಗಲ್ಲೇ ಸಿಗ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಹತ್ರ ಬಂತು ಅಂದ್ರೆ ನಿಮ್ಮ ಪತ್ರಿಕೇಲಿ ಏನೇನು ಬರುತ್ತೆ ಅಂತ ನಮಗೆ ಬಾಯಿಪಾಠ ಆಗೋಗಿದೆ. ಲೈನ್ ಮೇಲಿರೋ ಕೊಂಬೆ ಕಡಿದ್ರಾ, ಎನ್‌ಡಿಆರ್‌ಎಫ್ ಟೀಮ್ ಬಂತಾ, ಕಾಳಜಿ ಕೇಂದ್ರಕ್ಕೆ ಯಾವ ಸ್ಕೂಲು, ಗುಡ್ಡದ ಬುಡದಲ್ಲಿರೋರಿಗೆ ನೋಟಿಸ್ ಕೊಟ್ರಾ. ಎಲ್ಲಾ ಬೇಕಾದ್ದೇ, ಬೇಡ ಅಂತಿಲ್ಲ. ಅದ್ರ ಜೊತೆಗೆ ಇನ್ನೊಂದು ವಿಷಯಕ್ಕೆ ಸ್ವಲ್ಪ ಜಾಗ ಕೊಡಿ ಅಂತ ಈ ಪತ್ರ. ನಿದ್ದೇಲಿ ಉಸಿರು ಕಟ್ಟೋ ಕಾಯಿಲೆಗೆ ರಾತ್ರಿ ಸಿಪ್ಯಾಪ್ ಅನ್ನೋ ಗಾಳಿ ಬಿಡೋ ಮೆಷಿನ್ ಹಾಕ್ಕೊಂಡು ಮಲಗೋರು ನಮ್ಮ ಜಿಲ್ಲೇಲೂ ಇದಾರೆ, ಕರೆಂಟ್ ಹೋದ ರಾತ್ರಿ ಅವ್ರ ಗತಿ ಏನು ಅಂತ ಯಾರೂ ಬರೆದಿದ್ದನ್ನ ನಾನಂತೂ ಓದಿಲ್ಲ.

ಗೊತ್ತಿಲ್ಲದೋರಿಗೆ ಹೇಳ್ಬೇಕು ಅಂದ್ರೆ, ಸ್ಲೀಪ್ ಆಪ್ನಿಯಾ ಅಂತ ಒಂದು ಕಾಯಿಲೆ ಇದೆ. ಮಲಗಿದಾಗ ಗಂಟಲಿನ ಹಿಂದಿನ ಮಾಂಸಖಂಡ ಎಲ್ಲಾ ಸಡಿಲ ಆಗುತ್ತೆ, ನಾಲಿಗೆ ಬುಡ ಹಿಂದಕ್ಕೆ ಜಾರುತ್ತೆ, ಉಸಿರು ಹೋಗೋ ದಾರಿ ಕಿರಿದಾಗುತ್ತೆ. ಕಿರಿದಾದ ದಾರೀಲಿ ಗಾಳಿ ನುಗ್ಗಿದಾಗ ಆಗೋ ಸದ್ದೇ ಗೊರಕೆ. ಪೂರ್ತಿ ಮುಚ್ಕೊಂಡ್ರೆ ಸದ್ದೂ ಇಲ್ಲ ಉಸಿರೂ ಇಲ್ಲ, ಹತ್ತು ಸೆಕೆಂಡು, ಕೆಲವರಿಗೆ ಅರ್ಧ ನಿಮಿಷ, ಅದಕ್ಕಿಂತ ಜಾಸ್ತೀನೂ ಆಗುತ್ತೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಆಮೇಲೆ ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ, ಮನುಷ್ಯ ಒಂದ್ಸಲ ಜೋರಾಗಿ ಉಸಿರೆಳ್ಕೊಂಡು ಮತ್ತೆ ಗೊರಕೆ ಶುರು ಮಾಡ್ತಾನೆ. ಅವನಿಗೆ ಎಚ್ಚರ ಆಗಿದ್ದೇ ಗೊತ್ತಿರಲ್ಲ. ಗೊತ್ತಾಗೋದು ಪಕ್ಕದಲ್ಲಿ ಮಲಗಿರೋರಿಗೆ. ಇಂಥದ್ದು ಗಂಟೆಗೆ 5ರಿಂದ 15 ಸಲ ಆದ್ರೆ ಸಣ್ಣ ಮಟ್ಟ, 15ರಿಂದ 30 ಮಧ್ಯಮ, 30ರ ಮೇಲೆ ಹೋದ್ರೆ ಜೋರು ಅಂತ ಡಾಕ್ಟ್ರುಗಳ ಲೆಕ್ಕ. ಬಿಪಿ ಮಾತ್ರೆ ಎಷ್ಟು ತಗೊಂಡ್ರೂ ಇಳೀದೇ ಇರೋದಕ್ಕೆ ಎಷ್ಟೋ ಜನಕ್ಕೆ ಇದೇ ಕಾರಣ, ಹಾರ್ಟಿನ ಬಡಿತ ತಪ್ಪೋದಕ್ಕೂ ಸ್ಟ್ರೋಕಿಗೂ ಶುಗರಿಗೂ ಇದ್ರ ನಂಟು ಇದೆ.

ಇದನ್ನ ನಾವು ಏನು ಮಾಡಿದೀವಿ ಅಂದ್ರೆ ಜೋಕ್ ಮಾಡ್ಕೊಂಡಿದೀವಿ. ಮದ್ವೆ ಮನೇಲಿ, ತಿಥಿ ಮನೇಲಿ ಎಲ್ಲಾ ಒಟ್ಟಿಗೆ ಮಲಗಿದಾಗ ಯಾರ್ದು ಎಷ್ಟು ಜೋರು ಅಂತ ಬೆಳಿಗ್ಗೆ ಕಾಫಿ ಜೊತೆ ಮಾತು. ಹಗಲು ತೂಕಡಿಸಿದ್ರೆ ಅದಕ್ಕೂ ಕಾರಣ ರೆಡಿ ಇರುತ್ತೆ, ಮಳೆ ಅಲ್ವಾ ಚಳಿ ಅಲ್ವಾ ನಿದ್ದೆ ಬರುತ್ತೆ, ರಾತ್ರಿ ಆನೆ ಬಂದಿತ್ತು ಕಾಯ್ತಾ ಕೂತಿದ್ವಿ ಅದಕ್ಕೆ, ಒಂದು ಲೋಟ ಕಾಫಿ ಕುಡಿ ಸರಿ ಹೋಗುತ್ತೆ. ಕಾಫಿ ಬೆಳೆಯೋ ಊರಲ್ಲಿ ಇದ್ದು ಕಾಫಿ ಬೇಡ ಅನ್ನೋಕಾಗುತ್ತಾ ಹೇಳಿ. ಆದ್ರೆ ಎಂಟು ಗಂಟೆ ಮಲಗಿ ಎದ್ದೋನು ಒಂಬತ್ತು ಗಂಟೆಗೆ ಜೀಪಿನ ಸ್ಟೀರಿಂಗ್ ಹಿಡ್ಕೊಂಡು ತೂಕಡಿಸ್ತಾನೆ ಅಂದ್ರೆ ಅದು ಕಾಫಿಯಿಂದ ಹೋಗೋದಲ್ಲ. ನಮ್ಮ ರೋಡ್‌ಗಳು ಹೇಗಿವೆ ಅಂತ ನಿಮಗೆ ಹೇಳ್ಬೇಕಿಲ್ಲ, ಸಂಪಾಜೆ ಘಾಟಿ, ಮಾಕುಟ್ಟ ಘಾಟಿ, ಟಿಂಬರ್ ಲಾರಿ, ಟೂರಿಸ್ಟ್ ಗಾಡಿ, ಮಂಜು. ಅಲ್ಲಿ ಎರಡು ಸೆಕೆಂಡ್ ಕಣ್ಣು ಮುಚ್ಚಿದ್ರೆ ಮುಗೀತು.

ನಮ್ಮ ಮನೆಯವರಿಗೆ ಮೈಸೂರಲ್ಲಿ ಟೆಸ್ಟ್ ಮಾಡ್ಸಿದ್ವಿ, ಮಧ್ಯಮ ಮಟ್ಟದ್ದು ಅಂತ ಬಂತು. ಸಿಪ್ಯಾಪ್ ಬರೆದು ಕೊಟ್ರು. ಅದೊಂದು ಸಣ್ಣ ಡಬ್ಬ, ಪೈಪು, ಮೂಗಿಗೊಂದು ಮಾಸ್ಕು, ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಕೊಳ್ಳದ ಹಾಗೆ ಹಿಡಿಯುತ್ತೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಅನ್ನೋ ಡಾಕ್ಟ್ರು ಮೊದಲು ಇದನ್ನ ಜಗತ್ತಿಗೆ ತೋರ್ಸಿದ್ದು, ಅಲ್ಲಿವರೆಗೆ ಜೋರು ಕಾಯಿಲೆ ಇರೋರಿಗೆ ಕತ್ತಲ್ಲಿ ತೂತು ಮಾಡೋ ಆಪರೇಷನ್ನೇ ದಾರಿ ಆಗಿತ್ತು. ಹಾಗಾಗಿ ಮೆಷಿನ್ ಬಗ್ಗೆ ನಾನು ಕೆಟ್ಟ ಮಾತಾಡಲ್ಲ, ಇವತ್ತಿಗೂ ಈ ಕಾಯಿಲೆಗೆ ಮೊದಲ ಹೆಸರು ಅದೇ, ಜೋರಾಗಿರೋರು ಅದನ್ನ ಬಿಡಬಾರದು. ನಮ್ಮನೇಲಿ ಬೇಸಿಗೆ ಪೂರ್ತಿ ಚೆನ್ನಾಗೇ ನಡೀತು. ಆಷಾಢ ಬಂತು ನೋಡಿ, ಮರ ಬಿತ್ತು, ಕಂಬ ಬಿತ್ತು, ದಿನಗಟ್ಟಲೆ ಕರೆಂಟಿಲ್ಲ. ಇನ್ವರ್ಟರ್ ಇದೆ ನಿಜ, ಆದ್ರೆ ಅದನ್ನ ಚಾರ್ಜ್ ಮಾಡೋಕೂ ಕರೆಂಟೇ ಬೇಕಲ್ಲ, ಸೋಲಾರ್ ಅಂದ್ರೆ ನಮ್ಮ ಕಡೆ ಆ ತಿಂಗಳಲ್ಲಿ ಸೂರ್ಯನ ಮುಖ ಯಾರು ನೋಡಿದಾರೆ. ಮೆಷಿನ್ ನಿಂತ್ರೆ ಮಾಸ್ಕ್ ಕಿತ್ತು ಹಾಕ್ತಾರೆ, ಮತ್ತೆ ಅದೇ ಗೊರಕೆ ಅದೇ ಉಸಿರು ಕಟ್ಟೋದು. ಅಭ್ಯಾಸ ಒಂದ್ಸಲ ತಪ್ಪಿದ್ಮೇಲೆ ಕರೆಂಟ್ ಬಂದ್ರೂ ಅವ್ರು ಮಾಸ್ಕ್ ಮುಟ್ಟಲಿಲ್ಲ, ಡಬ್ಬ ಬೀರು ಮೇಲೆ ಹತ್ತಿ ಕೂತ್ಕೊಂಡ್ತು. ಕೇಳಿ ನೋಡಿದ್ರೆ ನೆಂಟರಲ್ಲೂ ಪರಿಚಯದೋರಲ್ಲೂ ಎಷ್ಟೋ ಮನೆ ಕಥೆ ಇದೇ, ಹತ್ತಾರು ಸಾವಿರ ಕೊಟ್ಟ ಮೆಷಿನ್ ಬೀರು ಮೇಲೆ.

ಆಮೇಲೆ ಒಂದು ಹಲ್ಲು ನೋವಿಗೆ ಅಂತ ಅವ್ರನ್ನ ಕರ್ಕೊಂಡು ಹೋದಾಗ ಹಲ್ಲಿನ ಡಾಕ್ಟ್ರು ಅವ್ರ ಬಾಯಿ ನೋಡಿ, ನಾಲಿಗೆ ಅಂಚಲ್ಲಿ ಹಲ್ಲಿನ ಗುರುತು ಬಿದ್ದಿರೋದು, ಹಲ್ಲು ಸವೆದಿರೋದು ನೋಡಿ, ರಾತ್ರಿ ಗೊರಕೆ ಹೊಡೀತೀರಾ ಅಂತ ಕೇಳಿದ್ರು. ನನಗೆ ಆಶ್ಚರ್ಯ, ಹಲ್ಲಿಗೂ ಗೊರಕೆಗೂ ಏನು ಸಂಬಂಧ ಅಂತ. ಅವರೇ ಹೇಳಿದ್ದು, ಇದಕ್ಕೆ ಬಾಯೊಳಗೆ ಹಾಕೋ ಡಿವೈಸ್ ಇದೆ ಅಂತ.

ಅದು ಹೇಗೆ ಕೆಲಸ ಮಾಡುತ್ತೆ ಅಂದ್ರೆ ತುಂಬಾ ಸಿಂಪಲ್. ಯಾರಾದ್ರೂ ಎಚ್ಚರ ತಪ್ಪಿ ಬಿದ್ದಾಗ ಫಸ್ಟ್ ಏಡ್ ಕಲಿತೋರು ಉಸಿರಿನ ದಾರಿ ತೆರೆಯೋಕೆ ಕೆಳದವಡೆ ಹಿಡಿದು ಮುಂದಕ್ಕೆ ಎತ್ತೋದಿದೆ, ದವಡೆ ಮುಂದೆ ಬಂದ್ರೆ ಅದ್ರ ಜೊತೆ ನಾಲಿಗೆ ಬುಡಾನೂ ಬರುತ್ತೆ, ಗಂಟಲು ತೆರ್ಕೊಳ್ಳುತ್ತೆ. ಅದೇ ಕೆಲಸಾನ ಈ ಡಿವೈಸ್ ರಾತ್ರಿ ಪೂರ್ತಿ ಮಾಡುತ್ತೆ. ಬಾಕ್ಸಿಂಗ್ ಆಡೋರು ಬಾಯಿಗೆ ಹಾಕ್ತಾರಲ್ಲ ಗಾರ್ಡು, ಆ ಥರದ್ದು ಮೇಲಿನ ಹಲ್ಲಿಗೊಂದು ಕೆಳಗಿನ ಹಲ್ಲಿಗೊಂದು, ಎರಡನ್ನೂ ಸೇರಿಸೋಕೆ ಪಕ್ಕದಲ್ಲಿ ಸಣ್ಣ ಸ್ಕ್ರೂನೋ ಪಟ್ಟಿನೋ. ಕರೆಂಟ್ ಬೇಡ, ಸದ್ದಿಲ್ಲ, ಅಂಗಿ ಜೇಬಲ್ಲಿ ಹಿಡಿಸೋ ಡಬ್ಬೀಲಿ ಇಟ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಇದೇನು ನಿನ್ನೆ ಮೊನ್ನೆ ಬಂದ ಐಡಿಯಾನೂ ಅಲ್ಲ, ಫ್ರಾನ್ಸಲ್ಲಿ ಪಿಯರ್ ರಾಬಿನ್ ಅನ್ನೋ ಡಾಕ್ಟ್ರು ಚಿಕ್ಕ ದವಡೆ ಇರೋ ಮಕ್ಕಳಿಗೆ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟೋದರ ಬಗ್ಗೆ 1923ರಲ್ಲೇ ಬರೆದಿದ್ರು, ದವಡೆ ಮುಂದಕ್ಕೆ ತರೋ ಸಾಧನಾನೂ ಮಾಡಿದ್ರು.

ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು, ಯಾಕಂದ್ರೆ ಮೊಬೈಲ್ ತೆಗೆದ್ರೆ ಬರೀ ಇದೇ ಜಾಹೀರಾತು. ಬಿಸಿ ನೀರಲ್ಲಿ ಮೆತ್ತಗೆ ಮಾಡಿ ಕಚ್ಚಿದ್ರೆ ನಿಮ್ಮ ಹಲ್ಲಿನ ಆಕಾರಕ್ಕೆ ಬರುತ್ತೆ ಅಂತ ಒಂದು, ಮೂಗಿಗೆ ಹಾಕೋ ಕ್ಲಿಪ್ ಒಂದು, ಗದ್ದಕ್ಕೆ ಕಟ್ಟೋ ಪಟ್ಟಿ ಒಂದು, ಬೆರಳಿಗೆ ಹಾಕೋ ಉಂಗುರ ಬೇರೆ. ಉಂಗುರಕ್ಕೂ ಗಂಟಲಿಗೂ ಎಲ್ಲಿಯ ಸಂಬಂಧನೋ ಆ ದೇವರಿಗೇ ಗೊತ್ತು. ಕಚ್ಚಿ ಮಾಡ್ಕೊಳ್ಳೋದು ಸರಿಯಾಗಿ ಕೂರಲ್ಲ, ರಾತ್ರಿ ಕಳಚಿ ಹೋಗುತ್ತೆ, ದವಡೆ ಎಷ್ಟು ಮುಂದೆ ಬರ್ಬೇಕು ಅಂತ ಅಳತೆ ಇರಲ್ಲ. ಡಾಕ್ಟ್ರು ಮಾಡ್ಸೋದು ಬೇರೆ. ಬಾಯಿ ಅಚ್ಚು ತಗೋತಾರೆ, ಈಗ ಕೆಲವು ಕಡೆ ಸ್ಕ್ಯಾನರಲ್ಲೇ ತಗೋತಾರೆ, ದವಡೆ ಕೀಲು, ವಸಡು ಎಲ್ಲಾ ನೋಡ್ತಾರೆ, ನಿಮ್ಮ ಕೆಳದವಡೆ ಪೂರ್ತಿ ಮುಂದೆ ಎಷ್ಟು ಬರುತ್ತೆ ಅಂತ ಅಳೆದು ಅದ್ರ ಅರ್ಧಕ್ಕೋ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಗೋ ಮೊದಲು ಸೆಟ್ ಮಾಡ್ತಾರೆ, ಲ್ಯಾಬಿಂದ ಮಾಡ್ಸಿ ತರ್ಸಿ ಕೊಟ್ಟ ಮೇಲೆ ವಾರಗಟ್ಟಲೆ ಮಿಲಿಮೀಟರ್ ಲೆಕ್ಕದಲ್ಲಿ ಮುಂದಕ್ಕೆ ತರ್ತಾ ಹೋಗ್ತಾರೆ. ಜಾಸ್ತಿ ಎಳೆದ್ರೆ ಕೀಲು ನೋವು, ಕಮ್ಮಿ ಆದ್ರೆ ಉಪಯೋಗ ಇಲ್ಲ, ಸರಿಯಾದ ಜಾಗ ಸಿಗೋವರೆಗೆ ಹೋಗ್ತಾ ಬರ್ತಾ ಇರ್ಬೇಕು. 2015ರಲ್ಲಿ ಅಮೆರಿಕಾದ ನಿದ್ದೆ ತಜ್ಞರ ಸಂಘದೋರು ಹಲ್ಲಿನ ಡಾಕ್ಟ್ರುಗಳ ಜೊತೆ ಸೇರಿ ಹೊರಡಿಸಿದ ಸೂಚನೇಲೂ ಇದೇ ಇದೆ, ರೆಡಿಮೇಡ್ ಬೇಡ, ಆ ಮನುಷ್ಯನ ಬಾಯಿಗೇ ಮಾಡಿದ್ದು, ಅಡ್ಜಸ್ಟ್ ಮಾಡೋಕೆ ಬರೋದೇ ಆಗ್ಲಿ ಅಂತ.

ನನ್ನ ವಾದ ಇರೋದೇ ಇಲ್ಲಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸಿಪ್ಯಾಪ್ ಆದ್ರೆ ತಂದ ಮೇಲೆ ಓಡಾಟ ಕಮ್ಮಿ, ಈ ಡಿವೈಸ್‌ಗೆ ಹಾಗಲ್ಲ, ಮತ್ತೆ ಮತ್ತೆ ಹೋಗ್ಬೇಕು, ತೋಟದ ಕೆಲಸ ಬಿಟ್ಟು, ಆಳು ಬಿಟ್ಟು, ಗಾಡಿ ಬಾಡಿಗೆ ಕೊಟ್ಟು ಸ್ಕ್ರೂ ತಿರುಗಿಸ್ಕೊಳ್ಳೋಕೆ ಮೈಸೂರಿಗೆ ಯಾರು ಹೋಗ್ತಾರೆ? ಅರ್ಧಕ್ಕೇ ಬಿಡ್ತಾರೆ. ಹಾಗಾಗಿ ಇದು ಊರ ಹತ್ರಾನೇ ಸಿಗ್ಬೇಕಾದ ಚಿಕಿತ್ಸೆ. ನಿದ್ದೆ ತಜ್ಞರು ನಮ್ಮ ಕಡೆ ಸಿಗೋದು ಕಷ್ಟ ಇರ್ಬಹುದು, ಆದ್ರೆ ಹಲ್ಲಿನ ಡಾಕ್ಟ್ರು ಇಲ್ವಾ? ಸೋಮವಾರಪೇಟೆ, ಕುಶಾಲನಗರ, ಗೋಣಿಕೊಪ್ಪ ಎಲ್ಲಾ ಕಡೆ ಕ್ಲಿನಿಕ್ ಇದೆ. ವಿರಾಜಪೇಟೇಲಿ ಡೆಂಟಲ್ ಕಾಲೇಜೇ ಇದೆ, ಮಡಿಕೇರೀಲಿ ಮೆಡಿಕಲ್ ಕಾಲೇಜು ಇದೆ. ರೈಲು ಇಲ್ಲದ ಜಿಲ್ಲೇಲಿ ಎರಡು ಕಾಲೇಜು ಇರೋದು ಸಣ್ಣ ವಿಷಯ ಅಲ್ಲ. ಇಬ್ಬರೂ ಸೇರ್ಕೊಂಡು ವಾರಕ್ಕೊಂದು ದಿನ ಗೊರಕೆ ಕ್ಲಿನಿಕ್ ಅಂತ ಮಾಡಿದ್ರೆ ಆಗಲ್ವಾ? ಈಗಾಗ್ಲೇ ಮಾಡ್ತಿದ್ರೆ ತುಂಬಾ ಸಂತೋಷ, ಹಾಗಿದ್ರೆ ದಯವಿಟ್ಟು ಜನಕ್ಕೆ ಕಾಣೋ ಹಾಗೆ ಬೋರ್ಡ್ ಹಾಕ್ಸಿ, ನಮ್ಮ ಹಳ್ಳಿ ಕಡೆ ಯಾರಿಗೂ ಗೊತ್ತಿಲ್ಲ.

ಟೆಸ್ಟ್ ಬಗ್ಗೆನೂ ಹೇಳ್ತೀನಿ. ಆಸ್ಪತ್ರೇಲಿ ರಾತ್ರಿ ಮಲಗಿಸಿ ತಲೆಗೆಲ್ಲಾ ವೈರ್ ಅಂಟಿಸಿ ಮಾಡೋ ದೊಡ್ಡ ಟೆಸ್ಟ್ ಒಂದು. ಮನೇಲೇ ಮಾಡೋ ಸಣ್ಣ ಟೆಸ್ಟೂ ಇದೆ, ಎದೆಗೊಂದು ಬೆಲ್ಟು, ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ಪು (ಕೊರೋನಾ ಕಾಲದಲ್ಲಿ ಎಲ್ಲರ ಮನೇಲೂ ಇತ್ತಲ್ಲ, ಆ ಥರದ್ದೇ, ಆದ್ರೆ ರಾತ್ರಿ ಪೂರ್ತಿ ರೆಕಾರ್ಡ್ ಮಾಡುತ್ತೆ), ಮೂಗಿಗೊಂದು ಸಣ್ಣ ಟ್ಯೂಬು, ಬೆಳಿಗ್ಗೆ ತಗೊಂಡು ಹೋಗಿ ವಾಪಸ್ ಕೊಟ್ರೆ ಆಯ್ತು. ಹಾರ್ಟ್ ಫೇಲ್ಯೂರ್, ಶ್ವಾಸಕೋಶದ ದೊಡ್ಡ ಕಾಯಿಲೆ ಅಂಥದ್ದು ಇರೋರಿಗೆ ದೊಡ್ಡ ಟೆಸ್ಟೇ ಬೇಕು, ಮಿಕ್ಕೋರಲ್ಲಿ ತುಂಬಾ ಜನಕ್ಕೆ ಇದು ಸಾಕಾಗುತ್ತೆ. ತಾಲ್ಲೂಕು ಆಸ್ಪತ್ರೆಗೆ ಇಂಥ ಒಂದೊಂದು ಕಿಟ್ ಕೊಟ್ರೆ ರಿಪೋರ್ಟನ್ನ ಎಲ್ಲಿ ಕೂತಿರೋ ತಜ್ಞರು ಬೇಕಾದ್ರೂ ಕಂಪ್ಯೂಟರಲ್ಲಿ ನೋಡ್ತಾರೆ. ಜಿಲ್ಲಾ ಆರೋಗ್ಯ ಇಲಾಖೆಯೋರು ಇದನ್ನ ಯೋಚಿಸ್ಬೇಕು.

ಟೆಸ್ಟ್ ಮಾಡ್ಸದೇ ಡಿವೈಸ್ ಹಾಕಿಸ್ಕೊಳ್ಳೋದು ಮಾತ್ರ ಬೇಡವೇ ಬೇಡ. ಯಾಕಂದ್ರೆ ಡಿವೈಸ್ ಹಾಕಿದ್ರೆ ಸದ್ದು ನಿಲ್ಲಬಹುದು, ಆದ್ರೆ ಸದ್ದು ನಿಂತ ತಕ್ಷಣ ಉಸಿರು ಕಟ್ಟೋದೂ ನಿಂತಿದೆ ಅಂತ ಅರ್ಥ ಅಲ್ಲ. ಮನೆಯವರೆಲ್ಲಾ ಅಬ್ಬಾ ಅಂತ ನೆಮ್ಮದಿಯಾಗಿ ಮಲಗ್ತಾರೆ, ಆ ಕಡೆ ಆಕ್ಸಿಜನ್ ಇಳೀತಾನೇ ಇರುತ್ತೆ. ಅದಕ್ಕೇ ಡಿವೈಸ್ ಸೆಟ್ ಆದ್ಮೇಲೆ ಅದನ್ನ ಹಾಕ್ಕೊಂಡೇ ಇನ್ನೊಂದ್ಸಲ ಟೆಸ್ಟ್ ಮಾಡ್ಬೇಕು. ಇದನ್ನ ಹೇಳದೇ ಬರೀ ಡಿವೈಸ್ ಕೊಟ್ಟು ಕಳಿಸೋರ ಹತ್ರ ಹೋಗ್ಬೇಡಿ.

ಎಲ್ಲರಿಗೂ ಆಗುತ್ತೆ ಅಂತಾನೂ ನಾನು ಹೇಳ್ತಿಲ್ಲ. ಸುಮಾರು ಮೂರು ಜನರಲ್ಲಿ ಒಬ್ಬರಿಗೆ ಇದ್ರಿಂದ ಅಂಥಾ ಪ್ರಯೋಜನ ಆಗಲ್ವಂತೆ. ಸಣ್ಣ ಮಟ್ಟ, ಮಧ್ಯಮ ಮಟ್ಟದೋರಿಗೆ ಚೆನ್ನಾಗಿ ಆಗುತ್ತೆ, ಅಂಗಾತ ಮಲಗಿದಾಗ ಮಾತ್ರ ಜೋರಾಗೋರಿಗೆ, ತೀರಾ ದಪ್ಪ ಇಲ್ಲದೋರಿಗೆ ಇನ್ನೂ ಒಳ್ಳೇದು. ಜೋರು ಕಾಯಿಲೆ ಇದ್ದು ಮೆಷಿನ್ ಎಷ್ಟು ಪ್ರಯತ್ನ ಪಟ್ರೂ ಆಗ್ಲೇ ಇಲ್ಲ ಅನ್ನೋರಿಗೂ ಏನೂ ಇಲ್ಲದೇ ಇರೋದಕ್ಕಿಂತ ಇದು ವಾಸಿ. ಲೆಕ್ಕಕ್ಕೆ ನೋಡಿದ್ರೆ ಉಸಿರು ಕಟ್ಟೋದನ್ನ ಕಮ್ಮಿ ಮಾಡೋದ್ರಲ್ಲಿ ಮೆಷಿನ್ನೇ ಮುಂದೆ. ಆದ್ರೆ ಮೆಷಿನ್ನನ್ನ ಜನ ರಾತ್ರಿ ಅರ್ಧಕ್ಕೇ ತೆಗೆದಿಡ್ತಾರೆ, ಡಿವೈಸ್ ಬೆಳಗಿನವರೆಗೂ ಬಾಯಲ್ಲೇ ಇರುತ್ತೆ, ಹಾಗಾಗಿ ಹಗಲು ನಿದ್ದೆ, ಬಿಪಿ ಇದನ್ನೆಲ್ಲಾ ನೋಡಿದ್ರೆ ಎರಡಕ್ಕೂ ಅಷ್ಟೇನೂ ವ್ಯತ್ಯಾಸ ಬರಲ್ಲ ಅಂತ ಅಧ್ಯಯನಗಳಲ್ಲಿ ಕಂಡಿದೆ. ಹಾಕ್ಕೊಳ್ಳದ ಮೆಷಿನ್ನಿಂದ ಯಾರ ಬಿಪಿ ಇಳಿಯುತ್ತೆ ಹೇಳಿ.

ತೊಂದರೆನೂ ಇದೆ. ಶುರುವಲ್ಲಿ ಜೊಲ್ಲು ಸುರಿಯುತ್ತೆ, ಇಲ್ಲಾ ಬಾಯಿ ಒಣಗುತ್ತೆ, ಬೆಳಿಗ್ಗೆ ದವಡೆ ಬಿಗಿ ಹಿಡಿದಿರುತ್ತೆ, ಮೇಲಿನ ಕೆಳಗಿನ ಹಲ್ಲು ಸ್ವಲ್ಪ ಹೊತ್ತು ಒಂದಕ್ಕೊಂದು ಕೂರಲ್ಲ, ನಮ್ಮವರು ಕಡುಬು ತಿನ್ನೋಕೂ ಕಾಯ್ಬೇಕಾಗಿತ್ತು. ಅದು ಸ್ವಲ್ಪ ದಿನಕ್ಕೆ ಕಮ್ಮಿ ಆಗುತ್ತೆ, ಬೆಳಿಗ್ಗೆ ಮಾಡೋಕೆ ದವಡೆ ವ್ಯಾಯಾಮ ಹೇಳ್ಕೊಡ್ತಾರೆ. ವರ್ಷಗಟ್ಟಲೆ ಹಾಕಿದ್ರೆ ಹಲ್ಲು ಸ್ವಲ್ಪ ಜರುಗಿ ಕಚ್ಚೋ ರೀತಿ ಬದಲಾಗೋದೂ ಇದೆ, ಅದಕ್ಕೇ ಆಗಾಗ ತೋರಿಸ್ತಾ ಇರ್ಬೇಕು. ಕೊನೆವರೆಗೂ ಹಾಕ್ಬೇಕು, ಬಿಟ್ರೆ ಗೊರಕೆ ವಾಪಸ್. ಖರ್ಚೂ ಕಮ್ಮಿ ಏನಲ್ಲ. ಕಾಲೇಜಲ್ಲೇ ಲ್ಯಾಬ್ ಇರೋ ಕಡೆ ಮಾಡಿದ್ರೆ ಕಮ್ಮಿ ಬೀಳಬಹುದು ಅಂತ ನನ್ನ ಆಸೆ.

ಇನ್ನೊಂದು ಇದೆ, ಇದಕ್ಕೆ ಹಿಡ್ಕೊಳ್ಳೋಕೆ ಗಟ್ಟಿ ಹಲ್ಲು ಬೇಕು. ಮೇಲೆ ಕೆಳಗೆ ಕನಿಷ್ಠ ಎಂಟೋ ಹತ್ತೋ ಹಲ್ಲು ಇರ್ಬೇಕು ಅಂತಾರೆ, ವಸಡು ಚೆನ್ನಾಗಿರ್ಬೇಕು. ನಮ್ಮಲ್ಲಿ ಎಲೆ ಅಡಿಕೆ ಹಾಕಿ ಹಾಕಿ ವಸಡು ಹೋಗಿರುತ್ತೆ, ನೋವು ಬಂತು ಅಂದ್ರೆ ಕೀಳಿಸಿ ಬಿಸಾಕು ಅನ್ನೋದೇ ದೊಡ್ಡೋರ ಸಲಹೆ, ಕ್ಯಾಂಪ್ ಬಂದ್ರೂ ಸಾಲಾಗಿ ನಿಂತು ಕೀಳಿಸ್ಕೊಂಡು ಬರ್ತಾರೆ. ಐವತ್ತಕ್ಕೆ ಹಲ್ಲೆಲ್ಲಾ ಕಿತ್ತೋರಿಗೆ ಅರವತ್ತಕ್ಕೆ ಆಪ್ನಿಯಾ ಬಂದ್ರೆ ಈ ಬಾಗಿಲು ಮುಚ್ಚಿರುತ್ತೆ. ಹಲ್ಲಿಲ್ಲದೋರಿಗೆ ನಾಲಿಗೆಯನ್ನೇ ಮುಂದಕ್ಕೆ ಹಿಡಿದಿಡೋ ಬೇರೆ ಥರದ್ದು ಇದೆ, ಆದ್ರೆ ಅದನ್ನ ಸಹಿಸ್ಕೊಳ್ಳೋರು ಕಮ್ಮಿ. ಹಲ್ಲು ಉಳಿಸ್ಕೊಳ್ಳೋಕೆ ಇದೂ ಒಂದು ಕಾರಣ ಅಂತ ಕ್ಯಾಂಪಲ್ಲಿ ಹೇಳ್ಬೇಕು.

ಸಂಜೆ ಪೆಗ್ ವಿಷಯ ಬರೆದ್ರೆ ಅರ್ಧ ಜಿಲ್ಲೆ ನನ್ನ ಮೇಲೆ ಜಗಳಕ್ಕೆ ಬರುತ್ತೆ, ಆದ್ರೂ ಬರೀತೀನಿ. ಚಳಿಗೆ ಒಂದು ಹಾಕಿದ್ರೆ ಒಳ್ಳೆ ನಿದ್ದೆ ಅಂತಾರಲ್ಲ, ಅದು ಗಂಟಲಿನ ಮಾಂಸವನ್ನ ಇನ್ನೂ ಸಡಿಲ ಮಾಡುತ್ತೆ, ಇರೋ ಕಾಯಿಲೆ ಇನ್ನೂ ಜಾಸ್ತಿ ಆಗುತ್ತೆ. ಕೆಲವು ನಿದ್ದೆ ಮಾತ್ರೆನೂ ಹಾಗೇ. ಮಗ್ಗುಲಾಗಿ ಮಲಗೋದು, ತೂಕ ಇಳಿಸೋದು, ಮಲಗೋ ಮುಂಚೆ ಕುಡಿಯದೇ ಇರೋದು, ಇದು ಯಾವ ಚಿಕಿತ್ಸೆ ಮಾಡ್ಸಿದ್ರೂ ಜೊತೆಗಿರ್ಬೇಕು.

ಹೆಂಗಸರ ವಿಷಯ ಹೇಳದೇ ಹೋದ್ರೆ ತಪ್ಪಾಗುತ್ತೆ. ಗಂಡಸು ಗೊರಕೆ ಹೊಡೆದ್ರೆ ತಮಾಷೆ, ಹೆಂಗಸು ಹೊಡೆದ್ರೆ ಮರ್ಯಾದೆ ಪ್ರಶ್ನೆ. ಮುಟ್ಟು ನಿಂತ ಮೇಲೆ ನಮಗೂ ಇದು ಜಾಸ್ತಿ ಆಗುತ್ತೆ, ಆದ್ರೆ ನಾವು ಡಾಕ್ಟ್ರ ಹತ್ರ ಹೋಗಿ ಹೇಳೋದು ಸುಸ್ತು, ಬೆಳಿಗ್ಗೆ ತಲೆನೋವು, ರಾತ್ರಿ ನಿದ್ದೆ ಬರಲ್ಲ ಅಂತ. ಅವ್ರು ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸ್ತಾರೆ. ಆಪ್ನಿಯಾ ಇದೆಯಾ ಅಂತ ಅಂದಾಜು ಮಾಡೋಕೆ ಡಾಕ್ಟ್ರುಗಳು ಎಂಟು ಪ್ರಶ್ನೆ ಕೇಳೋದಿದೆ, ಗೊರಕೆ ಜೋರಾ, ಹಗಲು ಸುಸ್ತಾ, ಉಸಿರು ನಿಲ್ಲೋದನ್ನ ಯಾರಾದ್ರೂ ನೋಡಿದಾರಾ, ಬಿಪಿ ಇದೆಯಾ, ತೂಕ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೇಲಿದೆಯಾ, ಕೊನೆಗೆ ಗಂಡಸಾ ಅಂತ. ಗಂಡಸಾದ್ರೆ ಒಂದು ಮಾರ್ಕ್ ಪುಕ್ಕಟೆ ಸಿಗುತ್ತೆ, ನಾವು ಹಿಂದೆ ಬೀಳ್ತೀವಿ. ಉಸಿರು ನಿಲ್ಲೋದನ್ನ ನೋಡಿದಾರಾ ಅನ್ನೋದಕ್ಕೆ ಗಂಡಂದಿರು ಎದ್ದಿದ್ರೆ ತಾನೇ ನೋಡೋದು. ಒಬ್ಬರೇ ಇರೋರು ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟು ಡಾಕ್ಟ್ರಿಗೆ ಕೇಳಿಸಿದ್ರೂ ಏನೋ ಒಂದು ಸುಳಿವು ಸಿಗುತ್ತೆ.

ಈ ಎಂಟು ಪ್ರಶ್ನೇನ ಹಲ್ಲಿನ ಕ್ಲಿನಿಕ್ಕಲ್ಲೂ ಕೇಳೋ ಹಾಗಾಗ್ಲಿ, ಒಂದು ನಿಮಿಷದ ಕೆಲಸ. ಬಸ್ಸು, ಲಾರಿ, ಟೂರಿಸ್ಟ್ ಜೀಪ್ ಓಡ್ಸೋರಿಗೆ ಕಣ್ಣಿನ ಟೆಸ್ಟ್ ಕ್ಯಾಂಪ್ ಮಾಡ್ತಾರಲ್ಲ, ಅಲ್ಲೂ ಕೇಳ್ಲಿ. ಆದ್ರೆ ಲೈಸೆನ್ಸ್ ಕಿತ್ಕೋತಾರೆ ಅನ್ನೋ ಭಯ ಹುಟ್ಟಿಸಿದ್ರೆ ಯಾವ ಡ್ರೈವರೂ ನಿಜ ಹೇಳಲ್ಲ, ಚಿಕಿತ್ಸೆ ತಗೊಂಡ್ರೆ ಗಾಡಿ ಓಡ್ಸೋಕೆ ತೊಂದ್ರೆ ಇಲ್ಲ ಅಂತ ಮೊದಲೇ ಹೇಳಿ ಕೇಳ್ಬೇಕು.

ಸಂಪಾದಕರಲ್ಲಿ ಒಂದು ವಿನಂತಿ. ಆಷಾಢಕ್ಕೆ ಮುಂಚೆ ನಿಮ್ಮ ಆರೋಗ್ಯ ಪುಟದಲ್ಲಿ ಒಬ್ಬ ಹಲ್ಲಿನ ಡಾಕ್ಟ್ರು, ಒಬ್ಬ ಶ್ವಾಸಕೋಶದ ಡಾಕ್ಟ್ರು ಇಬ್ಬರನ್ನೂ ಕೂರಿಸಿ ಬರೆಸಿ. ಜಿಲ್ಲೇಲಿ ಬಾಯಿ ಅಚ್ಚು ತಗೊಂಡು ಈ ಡಿವೈಸ್ ಮಾಡ್ಸಿ ಕೊಡೋ ಕ್ಲಿನಿಕ್ ಯಾವ್ಯಾವ ಊರಲ್ಲಿದೆ ಅಂತಾನೂ ವಿಚಾರಿಸಿ ಹಾಕಿ, ಯಾಕಂದ್ರೆ ಎಲ್ಲಾ ಹಲ್ಲಿನ ಡಾಕ್ಟ್ರೂ ಇದನ್ನ ಮಾಡಲ್ಲ, ಇದಕ್ಕೆ ಬೇರೆ ತರಬೇತಿ ಬೇಕು. ಸಿಪ್ಯಾಪ್ ಇರೋರು ಮಾತ್ರ ನನ್ನ ಪತ್ರ ಓದ್ಕೊಂಡು ನಾಳೆಯಿಂದ್ಲೇ ಮೆಷಿನ್ ಬಿಡ್ಬೇಡಿ, ನಿಮ್ಮ ಡಾಕ್ಟ್ರನ್ನ ಕೇಳಿ, ಮಳೆಗಾಲಕ್ಕೆ ಬ್ಯಾಟರಿ ವ್ಯವಸ್ಥೆ ಏನು ಮಾಡ್ಬಹುದು ಅಂತಾನೂ ಅವ್ರನ್ನೇ ಕೇಳಿ.

ಹೆಸರು ಹಾಕ್ಬೇಡಿ, ಗೊರಕೆ ವಿಷಯ ಪೇಪರಿಗೆ ಕೊಟ್ಟಿದೀನಿ ಅಂತ ಗೊತ್ತಾದ್ರೆ ನಮ್ಮ ಮನೆಯವರು ಸುಮ್ನೆ ಬಿಡಲ್ಲ.

ಇಂತಿ,
ನಿಮ್ಮ ಓದುಗಳು
ಸೋಮವಾರಪೇಟೆ ತಾಲ್ಲೂಕು, ಕೊಡಗು